ಗೋಕರ್ಣಕ್ಕೆ ಬಂದವರು ಮಾಡತಕ್ಕದ್ದೇನು?

ಸಮುದ್ರತೀರದ ಸಣ್ಣ ಊರೊಂದಕ್ಕೆ ಪ್ರಯಾಣ ಹೊರಡುವವರು ಈಗ ಕೇಳುವ ಮೊದಲನೆಯ ಪ್ರಶ್ನೆ, “ಅಲ್ಲಿ ನೋಡತಕ್ಕದ್ದು ಏನೇನಿದೆ?” ಎಂಬುದು, ಎರಡನೆಯದು, “ಅದೆಲ್ಲ ಎಷ್ಟು ಹೊತ್ತಿನಲ್ಲಿ ಮುಗಿದೀತು?” ಎಂಬುದು. ಮೊದಲನೆಯ ಪ್ರಶ್ನೆಯಲ್ಲಿ ದೋಷವೇನೂ ಇಲ್ಲ. ಜಿಜ್ಞಾಸೆಯಿಲ್ಲದವನ ಪ್ರಯಾಣವು ಹೊರೆಯೆತ್ತಿನ ಪ್ರಯಾಣಕ್ಕೆ ಸಮಾನವಾದುದು. ಎರಡನೆಯ ಪ್ರಶ್ನೆಯಾದರೋ ಮೊದಲನೆಯದನ್ನು ನುಂಗಿಬಿಡತಕ್ಕಂಥದು. ಮುಗಿಸುವುದಕ್ಕಾಗಿಯೇ ನೋಡುವವನು ಯಾವುದನ್ನೂ ನೋಡುವುದಿಲ್ಲ. ಬರಿಯ ಲೆಕ್ಕವನ್ನು ತುಂಬಿಕೊಳ್ಳುತ್ತಾನೆ. ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಗೋಕರ್ಣವು ಈ ಲೆಕ್ಕದವರ ಕೈಗೆ ಸಿಕ್ಕಿ ಪಡುತ್ತಿರುವ ಪಾಡನ್ನು ಕಂಡವರಿಗೆ, ಈ ವಿಷಯವು ವಿಚಾರಕ್ಕೆ ಅರ್ಹವೆಂದು ಬೇರೆ ಹೇಳಬೇಕಾದ್ದಿಲ್ಲ.

ಈಗಿನ ರೂಢಿಯ ಕ್ರಮವು ಸರ್ವರಿಗೂ ವಿದಿತವಾದದ್ದೇ. ಶುಕ್ರವಾರವೋ ಶನಿವಾರವೋ ರಾತ್ರಿ ದೂರದ ಪಟ್ಟಣದಿಂದ ಬಸ್ಸನ್ನೇರುವುದು. ಬೆಳಗಾಗುವುದರೊಳಗೆ ಗೋಕರ್ಣದಲ್ಲಿ ಇಳಿಯುವುದು. ಮಹಾಬಲೇಶ್ವರನ ದರ್ಶನವನ್ನು ಸಾಲಿನಲ್ಲಿ ನಿಂತು ತೀರಿಸುವುದು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ತೀರಗಳನ್ನು ಒಂದಾದ ಮೇಲೊಂದರಂತೆ ತುಳಿಯುವುದು. ನಡುವೆ ಹೊತ್ತು ಉಳಿದರೆ ಮಿರ್ಜಾನಿನ ಕೋಟೆಗೋ ಯಾಣದ ಬಂಡೆಗಳಿಗೋ ಓಡುವುದು. ಸೂರ್ಯಾಸ್ತದ ಚಿತ್ರವನ್ನು ತೆಗೆದುಕೊಂಡು ರಾತ್ರಿಯ ಬಸ್ಸಿಗೆ ಮರಳುವುದು. ಹೀಗೆ ಇಪ್ಪತ್ತನಾಲ್ಕು ತಾಸಿನೊಳಗೆ ಏಳೆಂಟು ಸ್ಥಳಗಳು “ಆಗಿಹೋಗು”ತ್ತವೆ. ಊರಿಗೆ ಹಿಂದಿರುಗಿದವರನ್ನು ಯಾರಾದರೂ ವಿಚಾರಿಸಿದರೆ, “ಗೋಕರ್ಣವೇ? ಅದು ಆಗಿದೆ” ಎಂಬ ಉತ್ತರವು ಬರುತ್ತದೆ. ಕಾಯಿಲೆ ಆಗುವುದುಂಟು, ಮದುವೆ ಆಗುವುದುಂಟು. ಊರು ಆಗುವುದೆಂದರೇನೆಂಬುದನ್ನು ವೈಯಾಕರಣರೇ ಹೇಳಬೇಕು.

ಈ ರೂಢಿಗೆ ಪ್ರತಿಯಾಗಿ ಇಲ್ಲಿ ಸ್ಥಾಪಿಸತಕ್ಕ ಸಿದ್ಧಾಂತವಿಷ್ಟೆ: ಗೋಕರ್ಣಕ್ಕೆ ಬರುವವರು ಮೂರು ದಿನ ಉಳಿಯಬೇಕು, ಮೂರು ದಿನದ ಅನುಕೂಲವಿಲ್ಲದವರು ಬಂದ ಒಂದು ದಿನದಲ್ಲಿ ಒಂದೇ ಕಾರ್ಯವನ್ನು ಮಾಡಿ ಹಿಂದಿರುಗಬೇಕು. ಇವೆರಡೂ ಒಲ್ಲದವರು ಬಾರದಿರುವುದೇ ಅವರಿಗೂ ಊರಿಗೂ ಕ್ಷೇಮ. ಇದು ಕಠಿನೋಕ್ತಿಯೆಂದು ತೋರಬಹುದು. ಆದರೆ ಇದಕ್ಕಿರುವ ಕಾರಣಗಳು ಕೇವಲ ರಸಿಕತೆಯ ಕಾರಣಗಳಲ್ಲ. ಮೊದಲನೆಯ ಕಾರಣವು ಪ್ರಾಣಕ್ಕೆ ಸಂಬಂಧಪಟ್ಟದ್ದು.

ಈ ಕರಾವಳಿಯಲ್ಲಿ ಹೊರಗಿನಿಂದ ಬಂದ ತರುಣರು ಸಮುದ್ರದ ಪಾಲಾದ ವಾರ್ತೆಯು ವರ್ಷವರ್ಷವೂ ಬರುತ್ತಿರುವುದು. ವಾರ್ತೆಯನ್ನು ಓದಿದವರು ಸಮುದ್ರವನ್ನು ದೂಷಿಸುತ್ತಾರೆ, ಇಲ್ಲವೆ ಸತ್ತವರ ದುಡುಕನ್ನು ದೂಷಿಸುತ್ತಾರೆ. ದುಡುಕಿಗೆ ಮೂಲವೇನೆಂಬುದನ್ನು ವಿಚಾರಿಸುವವರು ಕಡಮೆ. ಸಮುದ್ರಕ್ಕೆ ತನ್ನದೇ ಆದ ಕಾಲನಿಯಮವುಂಟು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಚಂದ್ರನ ಗತಿಯನ್ನನುಸರಿಸಿ ಇವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು ಎರಡು ಘಳಿಗೆಗಳಷ್ಟು, ಎಂದರೆ ೫೦ ನಿಮಿಷಗಳ ಆಸುಪಾಸು, ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸಮೀಪದಲ್ಲಿ ಭರತವು ಹೆಚ್ಚು, ಇಳಿತವೂ ಹೆಚ್ಚು. ಅಷ್ಟಮಿಯ ಸುಮಾರಿಗೆ ಎರಡೂ ಕಡಮೆ. ಪಂಚಾಂಗವನ್ನು ನೋಡಬಲ್ಲ ಯಾವ ಗೃಹಸ್ಥನಿಗೂ ತಿಳಿಯಬಹುದಾದ ಸಂಗತಿಯಿದು. ಬೆಸ್ತರ ಮಕ್ಕಳಿಗೆ ಪಂಚಾಂಗವಿಲ್ಲದೆಯೇ ತಿಳಿದಿದೆ.

ಈಗ ಒಂದೇ ದಿನಕ್ಕೆಂದು ಬಂದವನ ಸ್ಥಿತಿಯನ್ನು ನೋಡಿರಿ. ಅವನ ಲೆಕ್ಕದಲ್ಲಿ ಓಂ ತೀರಕ್ಕೆ ಮಧ್ಯಾಹ್ನ ಮೂರರಿಂದ ನಾಲ್ಕರ ತನಕ ಹೊತ್ತು ಗೊತ್ತಾಗಿದೆ. ಆ ಹೊತ್ತಿನಲ್ಲಿ ಭರತವೇರುತ್ತಿದ್ದರೆ ಅವನು ಮಾಡುವುದೇನು? ನಾಳೆ ಬರೋಣವೆನ್ನಲು ಅವನಿಗೆ ನಾಳೆಯೇ ಇಲ್ಲ. ತೀರವನ್ನು ಎರಡು ಅರ್ಧಚಂದ್ರಗಳಾಗಿ ವಿಭಾಗಿಸಿ ನಡುವೆ ಚಾಚಿಕೊಂಡಿರುವ ಬಂಡೆಗಳನ್ನು ಹತ್ತಿ ಚಿತ್ರ ತೆಗೆಯಿಸಿಕೊಳ್ಳಬೇಕೆಂಬುದು ಅವನ ಸಂಕಲ್ಪ. ಬಂಡೆಯು ಪಾಚಿಗಟ್ಟಿ ಜಾರುವಂಥದು. ನಾಲ್ಕು ಸಣ್ಣ ಅಲೆಗಳ ಹಿಂದೆ ಒಂದು ದೊಡ್ಡ ಅಲೆಯು ಬರುವುದುಂಟು. ಸ್ಥಳೀಕನೊಬ್ಬನು ಬೇಡವೆಂದರೆ, “ಇಷ್ಟು ದೂರ ಬಂದು ಸುಮ್ಮನೆ ಹೋಗುವುದೆ?” ಎಂಬ ಉತ್ತರವು ಸಿದ್ಧವಾಗಿರುತ್ತದೆ. ಈ ಒಂದು ವಾಕ್ಯವು ಎಷ್ಟು ಮನೆಗಳ ದೀಪವನ್ನು ಆರಿಸಿದೆಯೋ ಬಲ್ಲವರಾರು! ಮೂರು ದಿನ ಉಳಿದವನಿಗೆ ಈ ವಾಕ್ಯದ ಅಗತ್ಯವೇ ಬೀಳುವುದಿಲ್ಲ. ಇಂದು ತೆರೆ ಒರಟಾಗಿದ್ದರೆ ನಾಳೆ ನೋಡಿಯಾನು. ನಾಳೆಯೂ ಒರಟಾಗಿದ್ದರೆ ದಡದಲ್ಲಿ ಕುಳಿತು ಅದರ ಒರಟುತನವನ್ನೇ ನೋಡಿಯಾನು.

ಇದಲ್ಲದೆ ಕಡಲಿಗಿಳಿಯುವವರು ಅರಿಯತಕ್ಕ ಇನ್ನೊಂದು ಸಂಗತಿಯುಂಟು. ದಡಕ್ಕೆ ಬಂದ ನೀರು ಹಿಂದಿರುಗುವಾಗ ಎಲ್ಲೆಡೆಯೂ ಸಮನಾಗಿ ಹಿಂದಿರುಗುವುದಿಲ್ಲ. ಒಂದೆರಡು ಕಡೆ ಕಾಲುವೆಯಂತೆ ದಾರಿ ಮಾಡಿಕೊಂಡು ವೇಗವಾಗಿ ಸಮುದ್ರಾಭಿಮುಖವಾಗಿ ಹೋಗುತ್ತದೆ. ಅಂಥಲ್ಲಿ ತೆರೆಯೊಡೆಯುವುದು ಕಡಮೆಯಾದುದರಿಂದ, ಹೊಸಬನ ಕಣ್ಣಿಗೆ ಅದೇ ಶಾಂತವಾದ ಸ್ಥಳವೆಂದು ತೋರುವುದು; ಅಲ್ಲಿಯೇ ಅವನು ಇಳಿಯುವುದು. ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೇ ನೇರವಾಗಿ ಈಜತೊಡಗಿ, ನೀರಿನ ವೇಗದೊಡನೆ ಸೆಣಸಿ, ಬಲಗುಂದಿ ಮುಳುಗುತ್ತಾನೆ. ಗಾಬರಿಗೊಳ್ಳದೆ, ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದ ಮೇಲೆ ದಡದತ್ತ ತಿರುಗಬೇಕು. ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ, ಮಳೆಗಾಲದ ಕಡಲಿಗೆ ಇಳಿಯಲೇಬಾರದು. ಹುಟ್ಟಿದಂದಿನಿಂದ ನೀರಿನೊಡನೆ ಬಾಳಿದ ಖಾರ್ವಿಗಳೂ ಹರಿಕಾಂತರೂ ಅಂಬಿಗರೂ ಹೆದರುವ ಕಡಲಿಗೆ, ಈಜುಕೊಳದಲ್ಲಿ ಈಜು ಕಲಿತವನು ಹೆದರದಿರುವುದು ಧೈರ್ಯವಲ್ಲ, ಅಜ್ಞಾನ. ಊರನ್ನು ನೋಡಬೇಕೆಂದು ಪಟ್ಟಿ ಬರೆದುಕೊಡುವವರು ಈ ನಾಲ್ಕು ಮಾತುಗಳನ್ನು ಪಟ್ಟಿಯ ತಲೆಯ ಮೇಲೆ ಬರೆಯದಿದ್ದರೆ, ಆಗುವ ಅನಾಹುತದಲ್ಲಿ ಅವರಿಗೂ ಪಾಲುಂಟೆಂದು ನಿರ್ದಾಕ್ಷಿಣ್ಯವಾಗಿ ಹೇಳಬೇಕು.

ಇನ್ನು ಎರಡನೆಯ ಕಾರಣ. “ಗೋಕರ್ಣವು ಸಣ್ಣ ಊರು; ಸಣ್ಣ ಊರಿನಲ್ಲಿ ಮೂರು ದಿನ ಮಾಡುವುದಾದರೂ ಏನು?” ಎಂದು ಪೂರ್ವಪಕ್ಷವು ಏಳುವುದು. ಊರು ಸಣ್ಣದೆಂಬುದು ಸರಿ. ಆದುದರಿಂದ ನೋಡತಕ್ಕದ್ದು ಸ್ವಲ್ಪವೆಂಬುದು ಹೇತ್ವಾಭಾಸ. ಅಮರಕೋಶವು ಮುಷ್ಟಿಯಲ್ಲಿ ಹಿಡಿಯತಕ್ಕ ಪುಸ್ತಕ. ಅದನ್ನು ಅರ್ಧ ದಿವಸದಲ್ಲಿ ಮುಗಿಸಿದೆನೆಂದು ಯಾವ ವಿದ್ಯಾರ್ಥಿಯೂ ಹೇಳಿದ್ದಿಲ್ಲ. ಆನೆಯ ಬಾಲವನ್ನು ಹಿಡಿದ ಕುರುಡನು ಆನೆ ಹಗ್ಗದಂತಿದೆಯೆಂದ ಹಾಗೆ, ಗೋಕರ್ಣದ ಮರಳನ್ನು ಮೆಟ್ಟಿದವರು ಗೋಕರ್ಣವೆಂದರೆ ಮರಳೆನ್ನುತ್ತಾರೆ. ಊರಿನ ಉಳಿದ ಅಂಗಗಳು ಯಾವುವೆಂಬುದನ್ನು ಕೊಂಚ ವಿವರಿಸುವುದು ಅವಶ್ಯಕ.

ಕ್ಷೇತ್ರದ ಪ್ರಾಚೀನತೆಯನ್ನು ಕುರಿತು ಬಹಳ ಹೇಳಬೇಕಾದ್ದಿಲ್ಲ. ಮಹಾಭಾರತದ ವನಪರ್ವದ ತೀರ್ಥಯಾತ್ರಾ ಪ್ರಕರಣದಲ್ಲಿ ಗೋಕರ್ಣದ ಹೆಸರುಂಟು. ಕಾಳಿದಾಸನು ರಘುವಂಶದ ಎಂಟನೆಯ ಸರ್ಗದಲ್ಲಿ, ಗೋಕರ್ಣದ ಈಶ್ವರನನ್ನು ವೀಣೆಯಿಂದ ಆರಾಧಿಸಲು ಆಕಾಶಮಾರ್ಗದಲ್ಲಿ ಬರುತ್ತಿದ್ದ ನಾರದನ ವೀಣೆಯ ಮಾಲೆಯು ಗಾಳಿಗೆ ಕಳಚಿ ಬಿದ್ದುದರಿಂದಲೇ ಇಂದುಮತಿಯ ಮರಣವನ್ನು ಸಂಭವಿಸಿದನು. ಅಜವಿಲಾಪವೆಂಬ ಆ ಕರುಣರಸದ ಪ್ರವಾಹಕ್ಕೆ ಗೋಕರ್ಣದ ದಾರಿಯೇ ನಿಮಿತ್ತವಾಯಿತೆಂಬುದನ್ನು, ಕಾವ್ಯವನ್ನೋದಿದ ಎಷ್ಟು ಮಂದಿ ಈ ಊರಿನಲ್ಲಿ ನಿಂತು ನೆನೆಯುತ್ತಾರೆ? ನೆನೆಯುವುದಕ್ಕೆ ಹೊತ್ತು ಬೇಕು. ಹೊತ್ತು ಬಸ್ಸಿನವನ ಕೈಯಲ್ಲಿದೆ.

ಊರಿನಿಂದ ಕೆಲವೇ ಮೈಲುಗಳ ಅಂತರದಲ್ಲಿ ಸಾಣಿಕಟ್ಟಾ ಎಂಬ ಗ್ರಾಮವುಂಟು. ಅಲ್ಲಿಯ ಉಪ್ಪಿನ ಆಗರಗಳನ್ನು ನೋಡದೆ ಗೋಕರ್ಣವನ್ನು ನೋಡಿದೆನೆನ್ನುವುದು, ಅಡಿಗೆಮನೆಯನ್ನು ಹೊಗದೆ ಮನೆಯನ್ನು ನೋಡಿದೆನೆಂದಂತೆ. ಭರತದ ನೀರನ್ನು ಕೋಡಿಯಿಂದ ಒಳಗೆ ಬಿಟ್ಟುಕೊಂಡು, ದೊಡ್ಡ ಕಟ್ಟೆಯಲ್ಲಿ ನಿಲ್ಲಿಸಿ, ಅಲ್ಲಿಂದ ಆಳ ಕಡಮೆಯಾದ ಪಾತಿಗಳಿಗೆ ಸಾಗಿಸಿ, ಬಿಸಿಲು ಗಾಳಿಗಳಿಂದ ನೀರು ಗಡುಸಾದಂತೆ ಇನ್ನೂ ಮುಂದಿನ ಪಾತಿಗಳಿಗೆ ಹರಿಸುತ್ತಾರೆ. ಕೊನೆಯ ಪಾತಿಯ ನೆಲವನ್ನು ಮೊದಲೇ ಜೇಡಿಮಣ್ಣಿನಿಂದ ತುಳಿದು ಬಡಿದು ಕನ್ನಡಿಯಂತೆ ಸಮ ಮಾಡಿರುತ್ತಾರೆ. ಅಲ್ಲಿ ಉಪ್ಪು ಹರಳುಗಟ್ಟುವುದು. ಅದನ್ನು ಮರದ ಹಲಿಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕುವವರ ಕಾಲುಗಳನ್ನು, ಬಿಸಿಲೇರಿದ ಮೇಲೆ ಅವರು ನಿಂತಿರುವ ನೆಲವನ್ನು, ಒಮ್ಮೆ ಕಣ್ಣಿಂದ ನೋಡಿದವನು ಎಲೆಯ ತುದಿಯಲ್ಲಿ ಬಡಿಸಿದ ಉಪ್ಪನ್ನು ಮತ್ತೆಂದೂ ಹಗುರವಾಗಿ ಕಾಣಲಾರನು. ಅಕಾಲದ ಒಂದು ಮಳೆಯು ವಾರಗಳ ದುಡಿಮೆಯನ್ನು ಕರಗಿಸಿಬಿಡುತ್ತದೆ. “ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ” ಎಂದು ಗಾದೆಯುಂಟು. ಉಪ್ಪು ಬೆಳೆದವರನ್ನು ಒಂದು ಮುಂಜಾನೆಯಾದರೂ ನೆನೆಯಬೇಡವೆ?

ಈ ಉಪ್ಪಿಗೆ ಚರಿತ್ರೆಯ ಮಹತ್ತ್ವವೂ ಉಂಟು. ೧೯೩೦ನೆಯ ಏಪ್ರಿಲಿನಲ್ಲಿ, ದಂಡಿಯ ಉಪ್ಪಿನ ಸುದ್ದಿಯು ಹಬ್ಬಿದ ಕೆಲವೇ ದಿವಸಗಳಲ್ಲಿ, ಗಂಗಾವಳಿಯ ಆಚೆಯ ಅಂಕೋಲೆಯಲ್ಲಿ ಜನರು ಸಮುದ್ರದ ನೀರನ್ನು ಕಾಸಿ ಉಪ್ಪು ಮಾಡಿದರು. ತರುವಾಯದ ವರ್ಷಗಳಲ್ಲಿ ಆ ಪ್ರಾಂತದ ರೈತರು ಕರನಿರಾಕರಣೆ ಮಾಡಿ ಹೊಲ ಮನೆಗಳನ್ನು ಕಳೆದುಕೊಂಡರು. ಈ ನೆಲದ ಮೇಲೆ ಉಪ್ಪು ಬರಿಯ ಪದಾರ್ಥವಲ್ಲ. ಇದನ್ನರಿಯದೆ ದಾರಿಯ ಬದಿಯ ಬಿಳಿಯ ರಾಶಿಯನ್ನು ಕಂಡು, ವಾಹನವನ್ನು ಎರಡು ನಿಮಿಷ ನಿಲ್ಲಿಸಿ, ಅದರ ಎದುರು ನಗುತ್ತ ಚಿತ್ರ ತೆಗೆಯಿಸಿಕೊಂಡು ಹೋಗುವುದು ಸಂದರ್ಶನವೆನಿಸದು.

ಸಾಣಿಕಟ್ಟೆಯ ಆಚೆ ತದಡಿ. ಅಲ್ಲಿ ಅಘನಾಶಿನಿ ನದಿಯು ಸಮುದ್ರವನ್ನು ಸೇರುತ್ತದೆ. ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ, ಯಾವ ದೊಡ್ಡ ಅಣೆಕಟ್ಟಿಗೂ ತಲೆಬಾಗದೆ ಕಡಲನ್ನು ಮುಟ್ಟುವ ನದಿಗಳಲ್ಲಿ ಇದೊಂದು. ತದಡಿಯಿಂದ ದೋಣಿಯಲ್ಲಿ ದಾಟಿದರೆ ಆಚೆಯ ದಡದಲ್ಲಿ ಅಘನಾಶಿನಿಯೆಂಬ ಗ್ರಾಮವೇ ಇದೆ. ಈ ದಾಟು ಸ್ವಲ್ಪ ಹೊತ್ತಿನದು, ಸ್ವಲ್ಪ ಹಣದ್ದು. ಆದರೆ ನದೀಮುಖವೆಂದರೇನೆಂಬುದು ಇದರಿಂದ ತಿಳಿಯುವಷ್ಟು ಇನ್ನಾವುದರಿಂದಲೂ ತಿಳಿಯದು. ಇಳಿತದ ಹೊತ್ತಿಗೆ ನೀರು ಹಿಂದೆಗೆದ ಕೆಸರಿನಲ್ಲಿ ಹೆಂಗಸರೂ ಗಂಡಸರೂ ಚಿಪ್ಪಿಕಲ್ಲುಗಳನ್ನು ಹೆಕ್ಕುತ್ತಿರುತ್ತಾರೆ. ಸಾವಿರಾರು ಮನೆಗಳ ಒಲೆಯು ಈ ನದೀಮುಖದ ಮೀನು ಚಿಪ್ಪುಗಳಿಂದ ಉರಿಯುತ್ತದೆ. ೨೦೨೪ನೆಯ ಜನವರಿಯಲ್ಲಿ ಈ ಅಘನಾಶಿನಿ ಮುಖಜಭೂಮಿಗೆ ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲವೆಂಬ ಮನ್ನಣೆ ದೊರೆಯಿತು. ಲೋಕವೇ ಗುರುತಿಸಿದ ಸ್ಥಳವನ್ನು, ಅದಕ್ಕೆ ಅತಿ ಸಮೀಪದಲ್ಲಿ ತಂಗಿದ ಪ್ರವಾಸಿಯು ಗುರುತಿಸದೆ ಹೋಗುವುದು ಎಂಥ ವಿಪರ್ಯಾಸ!

ಇದೇ ನದೀಮುಖದ ಗಜನಿ ಭೂಮಿಗಳಲ್ಲಿ ಕಗ್ಗವೆಂಬ ಭತ್ತವು ಬೆಳೆಯುತ್ತದೆ. ಉಪ್ಪುನೀರು ತಾಗಿದರೆ ಸಾಮಾನ್ಯವಾದ ಪೈರು ಸತ್ತುಹೋಗುವುದು. ಕಗ್ಗವು ಉಪ್ಪನ್ನೂ ಸಹಿಸುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿಯೂ ಬದುಕುತ್ತದೆ. ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆಯ ಬೀಜವನ್ನು ಚೆಲ್ಲುತ್ತಾರೆ. ಗೊಬ್ಬರವನ್ನು ಹಾಕುವುದಿಲ್ಲ, ನದಿ ತಂದ ಮೆಕ್ಕಲೇ ಗೊಬ್ಬರ. ಕೊಯ್ಲಿನಲ್ಲಿ ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದುಕೊಂಡು ಕೂಳೆಯನ್ನು ಅಲ್ಲಿಯೇ ಬಿಡುತ್ತಾರೆ. ಅದು ಕೊಳೆತು ಮೀನು ಸಿಗಡಿಗಳಿಗೂ ಹಕ್ಕಿಗಳಿಗೂ ಆಹಾರವಾಗುತ್ತದೆ. ಒಂದೇ ಭೂಮಿಯು ಅರ್ಧ ವರ್ಷ ಅನ್ನವನ್ನೂ ಅರ್ಧ ವರ್ಷ ಮೀನನ್ನೂ ಕೊಡುವ ಈ ವ್ಯವಸ್ಥೆಯು ಒಬ್ಬನಿಂದ ನಡೆಯತಕ್ಕದ್ದಲ್ಲ. ಕಟ್ಟವನ್ನೂ ತೂಬಿನ ಬಾಗಿಲುಗಳನ್ನೂ ಊರಿನವರೆಲ್ಲ ಕೂಡಿ ಕಾಯಬೇಕು. ಒಂದು ಕಡೆ ಕಟ್ಟವೊಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುವುದು. ಈಗ ಅನೇಕ ಕಡೆ ಕಟ್ಟಗಳು ಶಿಥಿಲವಾಗಿವೆ, ಆಳುಗಳು ದೊರೆಯುತ್ತಿಲ್ಲ, ಗದ್ದೆಗಳು ಪಾಳುಬಿದ್ದಿವೆ. ಕಗ್ಗದ ಅಕ್ಕಿಯನ್ನು ಕೇಳಿ ಕೊಳ್ಳುವವರಿದ್ದರೆ ಬೆಳೆಯುವವರು ಉಳಿದಾರು. ಕೊಳ್ಳತಕ್ಕವರು ಯಾರು? ದಿನಕ್ಕೆ ಸಾವಿರಗಟ್ಟಲೆ ಬರುವ ಸಂದರ್ಶಕರಲ್ಲವೆ? ಅವರಿಗೆ ಗೋಕರ್ಣದಲ್ಲಿಯೂ ಪಟ್ಟಣದ ಊಟವೇ ಬೇಕು. ಆದುದರಿಂದ ಪಟ್ಟಣದ ಅಕ್ಕಿಯೇ ಘಟ್ಟವಿಳಿದು ಬರುತ್ತದೆ.

ಇಲ್ಲಿ ಮೂರನೆಯ ಕಾರಣವು ಸ್ಪಷ್ಟವಾಗುವುದು. “ಪ್ರವಾಸಿಗಳಿಂದ ಊರಿಗೆ ಹಣ ಬರುತ್ತದೆ, ಅವರಿಗೆ ನೀತಿ ಹೇಳಿ ಹೆದರಿಸಬೇಡಿರಿ” ಎಂದು ವ್ಯಾಪಾರಸ್ಥರು ಹೇಳುವುದುಂಟು. ಹಣ ಬರುತ್ತದೆಂಬುದು ದಿಟ. ಅದು ಯಾರಿಗೆ ಬರುತ್ತದೆಂಬುದು ಪ್ರಶ್ನೆ. ಒಂದು ದಿನದವನ ಹಣವು ಬಸ್ಸಿನವನಿಗೂ ಒಂದು ಹೋಟಲಿಗೂ ಸೇರಿ ಮುಗಿಯುವುದು. ಮೂರು ದಿನದವನು ನಡೆದಾಡುತ್ತಾನೆ; ನಡೆದಾಡುವವನು ರಥಬೀದಿಯ ಬದಿಯಲ್ಲಿ ಕುಳಿತ ಹಾಲಕ್ಕಿ ಒಕ್ಕಲಗಿತ್ತಿಯ ಹತ್ತಿರ ಹರಿವೆ ಬಸಳೆಗಳನ್ನು ಕಾಣುತ್ತಾನೆ, ಬೇಸಗೆಯಲ್ಲಿ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲನ್ನು ಕೊಳ್ಳುತ್ತಾನೆ; ದೋಣಿಯವನಿಗೂ ಎಳನೀರಿನವನಿಗೂ ನಾಲ್ಕು ಕಾಸು ಸೇರುವುದು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಊರು ತನ್ನ ಅತಿಥಿಗಳಂತೆ ತಾನೂ ಆಗುತ್ತದೆ. ಓಡುವ ಅತಿಥಿಗಳು ಹೆಚ್ಚಾದರೆ ಊರು ಅವರ ಓಟಕ್ಕೆ ತಕ್ಕಂತೆ ಗುಡ್ಡವನ್ನು ಕಡಿದು ರಸ್ತೆಯನ್ನು ಅಗಲಿಸುವುದು, ಗದ್ದೆಯನ್ನು ತುಂಬಿ ವಾಹನದ ಬಯಲು ಮಾಡುವುದು, ಬಾವಿಯ ನೀರನ್ನು ವಸತಿಗೃಹಕ್ಕೆ ಹೀರುವುದು. ಕರಾವಳಿಯ ಗುಡ್ಡವೆಂದರೆ ಮಳೆ ಹೀರುವ ಮಣ್ಣಿನ ರಾಶಿ. ೨೦೨೪ನೆಯ ಜುಲೈ ೧೬ರಂದು ಗಂಗಾವಳಿಯ ದಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಆದ ಪ್ರಾಣಹಾನಿಯನ್ನು ಈ ಜಿಲ್ಲೆಯವರು ಮರೆಯುವಂತಿಲ್ಲ. ಬೇಗ ತಲಪುವ ಆತುರಕ್ಕೆ ನೆಲವು ಬೆಲೆ ಕೇಳಿದಾಗ, ಅದನ್ನು ತೆರಬೇಕಾದವರಲ್ಲಿ ದಾರಿಯ ಬದಿಯಲ್ಲಿ ಚಹ ಕಾಸಿಕೊಡುವವರೂ ಸೇರಿರುತ್ತಾರೆ.

ಇನ್ನೊಂದು ಪಕ್ಷದವರಿದ್ದಾರೆ, ಅವರು ಶ್ರದ್ಧಾವಂತರು. “ಗೋಕರ್ಣವು ಕ್ಷೇತ್ರ, ವಿಲಾಸಿಗಳು ಬಂದು ಅದನ್ನು ಕೆಡಿಸಿದರು. ಅವರನ್ನು ಹೊರಗಟ್ಟಿದರೆ ಎಲ್ಲವೂ ಸರಿಹೋದೀತು” ಎಂಬುದು ಇವರ ಮತ. ಈ ಮತವನ್ನು ಒಪ್ಪುವುದು ಸುಲಭ, ಸಮರ್ಥಿಸುವುದು ಕಷ್ಟ. ಗೋವೆಯ ಕಡೆಯಿಂದ ಪರದೇಶದ ಅಲೆಮಾರಿಗಳು ಓಂ, ಕುಡ್ಲೆಗಳಿಗೆ ಬರತೊಡಗಿದ್ದು ಕಳೆದ ಶತಮಾನದ ಕೊನೆಯ ಭಾಗದಲ್ಲಿ. ೧೯೯೮ರಲ್ಲಿ ಕೊಂಕಣ ರೈಲುದಾರಿಯು ಪೂರ್ಣವಾದ ಬಳಿಕ ದೇಶೀಯರ ಸಂಖ್ಯೆಯೂ ಏರಿತು. ಅವರಲ್ಲಿ ಕೆಲವರ ನಡತೆಯು ಅಸಹ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೋಟಿತೀರ್ಥದ ಮೆಟ್ಟಿಲುಗಳಲ್ಲಿ ಹಳೆಯ ಬಟ್ಟೆಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಬಿಟ್ಟುಹೋಗುವವರು ವಿಲಾಸಿಗಳೆ? ಹೂವು ಎಣ್ಣೆಗಳನ್ನು ಪೊಟ್ಟಣಸಹಿತವಾಗಿ ನೀರಿಗೆ ಎಸೆಯುವವರು ನಾಸ್ತಿಕರೆ? ಪಿತೃಗಳಿಗೆ ತಿಲೋದಕವನ್ನು ಕೊಡುವಾಗಲೂ ಗಡಿಯಾರವನ್ನು ನೋಡುತ್ತ, “ಸಂಕ್ಷೇಪವಾಗಿ ಮುಗಿಸಿರಿ” ಎಂದು ಪುರೋಹಿತರನ್ನು ಅವಸರಪಡಿಸುವವರು ಯಾವ ಪಕ್ಷದವರು? ತೀರ್ಥಯಾತ್ರಿಕನೂ ವಿಲಾಸಿಯೂ ಇಂದು ಒಂದೇ ಬಸ್ಸಿನಿಂದ ಇಳಿಯುತ್ತಾರೆ; ಇಬ್ಬರ ವ್ಯಾಧಿಯೂ ಒಂದೇ. ಒಬ್ಬನು ಪುಣ್ಯದ ಲೆಕ್ಕವನ್ನು ತುಂಬುತ್ತಾನೆ, ಇನ್ನೊಬ್ಬನು ಚಿತ್ರದ ಲೆಕ್ಕವನ್ನು.

ಹಿಂದಿನ ತೀರ್ಥವಿಧಿಯನ್ನು ವಿಚಾರಿಸಿದರೆ ಈ ಆತುರಕ್ಕೆ ಅಲ್ಲಿ ಎಡೆಯೇ ಇಲ್ಲ. ತೀರ್ಥವನ್ನು ಸೇರಿದವನು ಮಿಂದು, ಉಪವಾಸವಿದ್ದು, ಕೋಟಿತೀರ್ಥ ಸಮುದ್ರಗಳ ಕರ್ಮಗಳನ್ನು ಕ್ರಮವಾಗಿ ಮಾಡಿ, ಮಹಾಗಣಪತಿಯನ್ನು ಕಂಡು ಮಹಾಬಲೇಶ್ವರನನ್ನು ಕಾಣುತ್ತಿದ್ದನು. ರಾತ್ರಿ ಅಲ್ಲಿಯೇ ತಂಗುತ್ತಿದ್ದನು. ಗಂಗಾವಳಿ ಅಘನಾಶಿನಿಗಳೆರಡನ್ನೂ ದೋಣಿಯಿಂದ ದಾಟಬೇಕಾಗಿದ್ದ ಕಾಲದಲ್ಲಿ ನದಿಯು ಒಪ್ಪಿದ ಹೊತ್ತಿಗೇ ಬರಬೇಕು, ಒಪ್ಪಿದ ಹೊತ್ತಿಗೇ ಹೋಗಬೇಕು. ಆ ನಿಧಾನವು ಧರ್ಮಶಾಸ್ತ್ರದಿಂದ ಬಂದುದೋ ದೋಣಿಯಿಂದ ಬಂದುದೋ, ಅಂತೂ ಯಾತ್ರಿಕನಿಗೆ ಊರಿನ ಪರಿಚಯವಾಗುತ್ತಿತ್ತು. ಸೇತುವೆಗಳು ಬೇಡವೆಂದು ಯಾರೂ ಹೇಳುವುದಿಲ್ಲ. ರೋಗಿಗೂ ಬಾಣಂತಿಗೂ ಸೇತುವೆ ಬೇಕು. ಆದರೆ ಸೇತುವೆಯು ಉಳಿಸಿಕೊಟ್ಟ ಹೊತ್ತನ್ನು ಊರಿನಲ್ಲಿ ಕಳೆಯದೆ ಮತ್ತೊಂದು ಊರಿಗೆ ಓಡುವುದಕ್ಕೆ ಕಳೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಕೊನೆಯದಾಗಿ ಒಂದು ಆಕ್ಷೇಪವು ಉಳಿಯುತ್ತದೆ. ಇದು ಎಲ್ಲಕ್ಕಿಂತ ಗೌರವಾರ್ಹವಾದುದು. “ಮೂರು ದಿನ ಕೂಲಿ ಬಿಟ್ಟು ಬರಲಾರದ ಬಡವನಿಗೆ ಸಮುದ್ರವಿಲ್ಲವೆ? ಒಂದೇ ಭಾನುವಾರವಿರುವ ಗುಮಾಸ್ತನ ಮಕ್ಕಳು ತೆರೆಯನ್ನು ಕಾಣಬಾರದೆ?” ಎಂದು ಕೇಳಬಹುದು. ಖಂಡಿತವಾಗಿ ಕಾಣಬೇಕು. ಆದುದರಿಂದಲೇ ಸಿದ್ಧಾಂತದ ಎರಡನೆಯ ಭಾಗವನ್ನು ಹೇಳಿದ್ದು: ಒಂದು ದಿನವಿದ್ದವನು ಒಂದೇ ಕಾರ್ಯವನ್ನು ಮಾಡಲಿ. ಶ್ರಾದ್ಧಕ್ಕೆ ಬಂದವನು ಶ್ರಾದ್ಧವನ್ನೇ ಮಾಡಲಿ. ಮಕ್ಕಳಿಗೆ ಕಡಲನ್ನು ತೋರಿಸಬಂದವನು ಒಂದೇ ತೀರದಲ್ಲಿ ಬೆಳಗಿನಿಂದ ಸಂಜೆಯ ತನಕ ಕುಳಿತು, ಭರತವು ಏರಿ ಇಳಿಯುವುದನ್ನು ಮಕ್ಕಳಿಗೆ ಪೂರ್ತಿಯಾಗಿ ತೋರಿಸಲಿ. ಆರು ತಾಸಿನಲ್ಲಿ ಸಮುದ್ರವು ತಾನಾಗಿ ಕಲಿಸುವ ಪಾಠವನ್ನು ಐದು ತೀರಗಳ ಓಟವು ಕಲಿಸಲಾರದು. ಬಡವನು ಪ್ರಾಯಶಃ ಹೀಗೆಯೇ ಮಾಡುತ್ತಾನೆ; ಬುತ್ತಿ ಕಟ್ಟಿಕೊಂಡು ಬಂದು, ಮರದ ನೆರಳಿನಲ್ಲಿ ಕುಳಿತು, ತೆರೆಯನ್ನು ನೋಡಿ, ಎಲೆಯನ್ನು ಎತ್ತಿಕೊಂಡು ಹೋಗುತ್ತಾನೆ. ಪಟ್ಟಿಯ ಗೀಳು ವಿದ್ಯಾವಂತರದು.

ಆದುದರಿಂದ ವಿದ್ಯಾವಂತ ಗೃಹಸ್ಥರು ಗೋಕರ್ಣಕ್ಕೆ ಹೊರಡುವಾಗ ಮಾಡತಕ್ಕದ್ದೇನೆಂಬುದನ್ನು ಒಟ್ಟಾಗಿ ಹೇಳಬಹುದು. ಹೊರಡುವ ಮುಂಚೆ ಮನೆಯಲ್ಲಿ ಈ ನೆಲದವರ ಒಂದೆರಡು ಪುಸ್ತಕಗಳನ್ನು ಓದಿರಬೇಕು. ಹತ್ತಿರದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು (೧೯೨೮–೨೦೧೪) ಮುಂಬಯಿಯಲ್ಲಿದ್ದೂ ತಮ್ಮ ಹಳ್ಳಿಯನ್ನು ಕಥೆಗಳಲ್ಲಿ ಬಿಡದೆ ಕಟ್ಟಿದರು. ಗೌರೀಶ ಕಾಯ್ಕಿಣಿಯವರು (೧೯೧೨–೨೦೦೨) ಗೋಕರ್ಣದಲ್ಲಿಯೇ ನೆಲಸಿ ವಿಮರ್ಶೆ ವಿಚಾರಗಳ ಒಂದು ದೊಡ್ಡ ರಾಶಿಯನ್ನೇ ಬರೆದರು. ಅಂಕೋಲೆಯ ದಿನಕರ ದೇಸಾಯಿಯವರು (೧೯೦೯–೧೯೮೨) ಚುಟುಕಗಳನ್ನು ಬರೆದ ಕೈಯಿಂದಲೇ ಈ ಜಿಲ್ಲೆಗೆ ಶಾಲೆಗಳನ್ನು ಕಟ್ಟಿದರು. ಅಕ್ಷರವನ್ನರಿಯದೆ ನೂರಾರು ಹಾಡುಗಳನ್ನು ಕಂಠದಲ್ಲಿಟ್ಟುಕೊಂಡಿದ್ದ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ ೨೦೧೭ರಲ್ಲಿ ಪದ್ಮಶ್ರೀ ಬಂದಿತು. ೨೦೨೫ರಲ್ಲಿ ಅವರು ತೀರಿಕೊಂಡರು. ಇಷ್ಟು ಸಣ್ಣ ಪ್ರದೇಶದಲ್ಲಿ ಇಷ್ಟು ನುಡಿಸಂಪತ್ತು ಬೆಳೆದಿರುವಾಗ, ಅಲ್ಲಿ ಮರಳು ಮಾತ್ರ ಇದೆಯೆಂದು ತಿಳಿಯುವುದು ಕನ್ನಡಿಗನಿಗೆ ಶೋಭಿಸದು.

ಬಂದ ಮೇಲೆ ಮೊದಲನೆಯ ದಿನ ಊರೊಳಗೇ ನಡೆಯಬೇಕು: ರಥಬೀದಿ, ದೇವಾಲಯಗಳು, ಕೋಟಿತೀರ್ಥ. ಸಂಜೆ ಕೋಟಿತೀರ್ಥದ ಮೆಟ್ಟಿಲಿನಲ್ಲಿ ಕುಳಿತು, ನೀರಿಗೆ ಏನನ್ನೂ ಹಾಕದೆ ಏಳುವುದೇ ಈ ಕಾಲದ ಉತ್ತಮ ಪೂಜೆ. ಎರಡನೆಯ ದಿನ ಸಾಣಿಕಟ್ಟಾ, ತದಡಿ, ಅಘನಾಶಿನಿಗಳಿಗೆ ಹೋಗಬೇಕು. ದುಡಿಯುವವರ ಚಿತ್ರ ತೆಗೆಯುವ ಮೊದಲು ಅವರನ್ನು ಕೇಳಬೇಕು. ದೊರೆತರೆ ಕಗ್ಗದ ಅಕ್ಕಿಯನ್ನೂ ಅಲ್ಲಿಯ ಉಪ್ಪನ್ನೂ ಕೊಂಡುಕೊಳ್ಳಬೇಕು. ಮೂರನೆಯ ದಿನ, ಭರತದ ಹೊತ್ತನ್ನು ಊರಿನವರಿಂದ ತಿಳಿದು, ಗುಡ್ಡದ ಕಾಲುದಾರಿಯಿಂದ ಕುಡ್ಲೆಗೂ ಓಂ ತೀರಕ್ಕೂ ನಡೆಯಬೇಕು. ಇಳಿಯಬಾರದೆಂದು ಕಾವಲಿನವರು ಹೇಳಿದರೆ ವಾದಿಸದೆ ದಡದಲ್ಲಿ ಕುಳಿತುಕೊಳ್ಳಬೇಕು. ತಂದ ಸೀಸೆ ಚೀಲಗಳನ್ನು ತಾವೇ ಹಿಂದಕ್ಕೆ ಒಯ್ಯಬೇಕು. ಚಳಿಗಾಲದಿಂದ ಬೇಸಗೆಯ ತನಕ ಸಮೀಪದಲ್ಲೆಲ್ಲಾದರೂ ಬಡಗುತಿಟ್ಟಿನ ಆಟವಿದ್ದರೆ, ಒಂದು ರಾತ್ರಿಯ ನಿದ್ರೆಯನ್ನು ಅದಕ್ಕೆ ಕೊಟ್ಟವರು ನಷ್ಟಪಡರು. ಮಿರ್ಜಾನಿನ ಕೋಟೆಯೂ ಯಾಣವೂ ಎಲ್ಲಿಗೂ ಹೋಗುವುದಿಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸಿನ ವ್ಯಾಪಾರವನ್ನು ಕಂಡ ಆ ಕೋಟೆಯು ಇನ್ನೊಂದು ಸಲದ ಪ್ರಯಾಣಕ್ಕೆ ಕಾದಿರಬಲ್ಲದು.

ಗೋಕರ್ಣವು ಒಂದು ಉದಾಹರಣೆ ಮಾತ್ರ. ಅನ್ನದ ಪಾತ್ರೆಯ ಒಂದು ಅಗುಳನ್ನು ಹಿಸುಕಿ ಎಲ್ಲವನ್ನೂ ತಿಳಿಯುವ ಹಾಗೆ, ಕಾರವಾರದಿಂದ ಉಳ್ಳಾಲದ ತನಕದ ತೀರದ ಊರುಗಳ ಸ್ಥಿತಿಯನ್ನು ಇದರಿಂದಲೇ ಊಹಿಸಬಹುದು. ಅತಿಥಿಯನ್ನು ದೇವರೆಂದು ಕಾಣಬೇಕೆಂಬ ಬೋಧೆಯನ್ನು ಆತಿಥೇಯರಿಗೆ ಎಷ್ಟೋ ಕಾಲದಿಂದ ಹೇಳುತ್ತ ಬಂದಿದೆ. ಅತಿಥಿಯ ಧರ್ಮವೇನೆಂಬುದನ್ನು ಅತಿಥಿಗೂ ಹೇಳುವ ಕಾಲವು ಈಗ ಬಂದಿದೆ. ಅದು ಬಹಳ ದೊಡ್ಡ ಧರ್ಮವೇನೂ ಅಲ್ಲ: ಕುಳಿತುಕೊಳ್ಳುವುದು, ಕೇಳುವುದು, ಕೊಂಡದ್ದಕ್ಕೆ ಬೆಲೆ ಕೊಡುವುದು, ಜೀವಂತನಾಗಿ ಮನೆಗೆ ಮರಳುವುದು.